ಬಫ್ ಚಕ್ರ ಗಕ್ಕನೆ ನಿಂತ ಮಧ್ಯಾಹ್ನ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಡೆದದ್ದಂತೂ ಹಾಡಹಗಲೇ.

ಭಾವ ತೀರಿಕೊಂಡ ಮೇಲೆ ಅವರ ಗ್ರೈಂಡರನ್ನು ಅಕ್ಕ ನನಗೆ ಕೊಟ್ಟಳು. ಅದರ ಒಂದು ಕಡೆ ಸಾಣೆಕಲ್ಲು, ಇನ್ನೊಂದು ಕಡೆ ಪಾಲಿಶ್ ಮಾಡುವ ಬಟ್ಟೆಯ ಬಫ್ ಚಕ್ರ. "ಗ್ಲೌಸ್ ಹಾಕ್ಕೊಂಡು ಮಾತ್ರ ಇದರ ಹತ್ರ ಹೋಗ್ಬೇಡ ಕಣೋ. ಚಕ್ರ ಗ್ಲೌಸ್ ಹಿಡಿದ್ರೆ ಕೈನೂ ಬಿಡಲ್ಲ" ಎಂದಿದ್ದಳು. ನಮ್ಮ ಮನೆಯಲ್ಲಿ ಗ್ಲೌಸೇ ಇಲ್ಲ.

ಆ ಮಧ್ಯಾಹ್ನ ಶೆಡ್ಡಿನಲ್ಲಿ ಕನ್ನಡಕ ಹಾಕಿ, ಅಂಗಿಯ ತೋಳು ಮಡಚಿ, ಚಕ್ರ ವೇಗ ಹಿಡಿಯುವವರೆಗೆ ಪಕ್ಕಕ್ಕೆ ಸರಿದು ನಿಂತು, ಆಮೇಲೆ ಬಾಗಿಲಿನ ಹಿತ್ತಾಳೆ ಹಿಡಿಕೆಯನ್ನು ಅದಕ್ಕೊತ್ತಿ ಪಾಲಿಶ್ ಮಾಡತೊಡಗಿದೆ. ಎಷ್ಟು ಉಜ್ಜಿದರೂ ಹಿಡಿಕೆ ಬಿಸಿಯಾಗುವ ಬದಲು ತಣ್ಣಗಾಗುತ್ತಲೇ ಹೋಯಿತು. ಸ್ವಿಚ್ ಆಫ್ ಮಾಡಿದೆ. ಯಾವಾಗಲೂ ಗುಂಯ್‌ಗುಡುತ್ತ ನಿಧಾನವಾಗಿ ನಿಲ್ಲುವ ಚಕ್ರ ಯಾರೋ ಹಿಡಿದುಕೊಂಡಂತೆ ಗಕ್ಕನೆ ನಿಂತಿತು. ಪ್ಲಗ್ ಕಿತ್ತು ಬೆರಳಿನಿಂದ ತಿರುಗಿಸಿದೆ. ಸಲೀಸಾಗಿ ತಿರುಗಿತು.

ಅಷ್ಟರಲ್ಲಿ ಹೆಂಡತಿ ಬಾಗಿಲಿಗೆ ಬಂದಳು. "ನಿಮ್ಮಕ್ಕ ಅಷ್ಟು ಹೇಳಿದ್ರೂ ಗ್ಲೌಸ್ ಹಾಕ್ಕೊಂಡೇ ಮಾಡ್ತಿದ್ರಲ್ಲ!"

"ನಾನೆಲ್ಲೇ ಹಾಕ್ಕೊಂಡೆ?" ಎಂದು ಪಾಲಿಶಿನ ಕಪ್ಪು ಮೆತ್ತಿದ ಎರಡೂ ಅಂಗೈ ತೋರಿಸಿದೆ.

ಅವಳು ನನ್ನ ಬಲಗೈ ಹಿಡಿದು ತಿರುಗಿಸಿ ನೋಡಿದಳು. "ಈಗ ತಾನೇ ಕಿಟಕಿಯಿಂದ ನೋಡ್ದೆ. ಬಲಗೈಗೆ ಹಾಕಿದ್ರಿ. ಎಡಗೈ ಬರಿದಾಗಿತ್ತು."

ಸಂಜೆ ಅಕ್ಕನಿಗೆ ಫೋನ್ ಮಾಡಿದೆ. "ಇವಳ ಕಣ್ಣಿಗೆ ನನ್ನ ಕೈಲಿ ಗ್ಲೌಸ್ ಕಾಣಿಸ್ತಂತೆ ಅಕ್ಕಾ" ಎಂದು ನಕ್ಕೆ. ಯಾವ ಕೈ ಎಂದು ಬಾಯಿ ಬಿಟ್ಟಿರಲಿಲ್ಲ.

ಅಕ್ಕ ನಗಲಿಲ್ಲ. ಮೆಲ್ಲಗೆ ಕೇಳಿದಳು: "ಬಲಗೈಗೆ ಮಾತ್ರ, ಅಲ್ವೇನೋ?"