ದೇವೀರಿ ಕಟ್ಟಿದ ಮಾತಿನ ಸೇತುವೆ

ಆಮೆಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಹೊನ್ನಗಿರಿ ಅಂತ ಒಂದು ರಾಜ್ಯ. ಆ ರಾಜ್ಯದ ಅಂಚಿನಲ್ಲಿ ಒಂದು ಹೊಳೆ, ಹೊಳೆಯಾಚೆ ಗೋಜಲಪ್ಪ ಅನ್ನೋ ಮಾಟಗಾರನ ಗುಡ್ಡ. ಗುಡ್ಡಕ್ಕೆ ಯಾರು ಬಂದರೂ ಅವನು “ಯಾಕೆ ಬಂದೆ?” ಅಂತ ಕೇಳುತ್ತಿದ್ದ. ತಡವರಿಸಿದವರನ್ನು ಅಲ್ಲೇ ಎತ್ತು ಮಾಡಿ ದೊಡ್ಡಿಗೆ ಕೂಡುತ್ತಿದ್ದ. ಅಂಥಾ ಪಾಪಿ!

ಸೌದೆಗೆ ಹೋದ ಚೆಲುವಯ್ಯನ ಗತಿಯೂ ಇದೇ ಆಯಿತು. ಮೊದಲೇ ಮಾತು ಕಮ್ಮಿಯ ಮನುಷ್ಯ, ಮಾಟಗಾರನ ಕೆಂಗಣ್ಣು ಕಂಡು “ಅ... ಅದು...” ಅಂದ. ತಲೆ ಮೇಲೆ ಕೊಂಬು ಮೂಡಿತು.

ಅವನ ಹೆಂಡತಿ ದೇವೀರಿಗೆ ಸುದ್ದಿ ಮುಟ್ಟಿತು. ಚೆಲುವಯ್ಯನಲ್ಲಿ ಇಲ್ಲದ ಮಾತೆಲ್ಲ ಅವಳಲ್ಲಿತ್ತು. ಬಾಯಿ ತೆರೆದರೆ ಹಗಲು ಕಳೆಯುತ್ತಿತ್ತು. ಕೇಳುವುದಕ್ಕೆ ಗಂಡ ಇಲ್ಲದ ಮನೆಯಲ್ಲಿ ಒಂದು ಗಳಿಗೆಯೂ ಇರಲಾರದೆ ಅವಳು ಸೆರಗು ಬಿಗಿದು ಹೊಳೆದಂಡೆಗೆ ಓಡಿದಳು.

ಆಚೆ ದಡದಲ್ಲಿ ಗೋಜಲಪ್ಪ ಮೀಸೆ ತಿರುವುತ್ತಾ ನಿಂತಿದ್ದ. ಅವನ ಹಿಂದೆ ದೊಡ್ಡಿ ತುಂಬಾ ಎತ್ತುಗಳು.

“ಏನಮ್ಮಾ, ಗಂಡ ಬೇಕಾ? ಮಾತಾಡು. ನಿನ್ನ ಒಂದೊಂದು ಮಾತೂ ಒಂದೊಂದು ಕಲ್ಲಾಗುತ್ತೆ. ಕಲ್ಲಿಗೆ ಕಲ್ಲು ಕೂತು ಈ ದಡ ಮುಟ್ಟಿದರೆ ನನ್ನ ಮಾಟವೇ ಮುಗೀತು. ಮೂರು ಸಲ ಬಿದ್ದರೆ ನೀನೂ ನನ್ನ ದೊಡ್ಡೀಲಿ ಹಸು!”

ಮಾತಾಡೋದಾ? ದೇವೀರಿಗೆ ಅದಕ್ಕಿಂತ ಸುಲಭ ಯಾವುದಿದೆ! ಶುರು ಹಚ್ಚಿಕೊಂಡಳು.

“ಅವತ್ತು ನಾನು ಹಿಟ್ಟು ನಾದ್ತಾ ಇದ್ದೆ. ಅಂದಹಾಗೆ ಆ ಹಿಟ್ಟು ನಮ್ಮತ್ತಿಗೆ ಕೊಟ್ಟಿದ್ದು. ಅಂದಹಾಗೆ ಅತ್ತಿಗೆ ತಂಗಿಗೆ ಗಂಡು ಗೊತ್ತಾಗಿದೆ...”

ಒಂದು ಕಲ್ಲು ಇಲ್ಲಿ ಬಿತ್ತು, ಇನ್ನೊಂದು ಅಲ್ಲೆಲ್ಲೋ ಬಿತ್ತು, ಮೂರನೆಯದು ಹೊಳೆಯ ಮೇಲೆಯೇ ಬೀಳಲಿಲ್ಲ. ದೇವೀರಿ ಕಾಲು ಜಾರಿ ದಬಕ್ಕನೆ ನೀರಿಗೆ ಬಿದ್ದಳು. ಹೊಳೆಯ ಮುದಿ ಆಮೆ ಅವಳ ಸೆರಗು ಕಚ್ಚಿ ದಡಕ್ಕೆಳೆಯಿತು.

“ಅಯ್ಯೋ ಮಗಳೇ, ನೀನು ಬಂದಿರೋದು ಯಾತಕ್ಕೆ? ಅದನ್ನ ಮೊದಲ ಕಲ್ಲಲ್ಲೇ ಹೇಳು. ಮಿಕ್ಕ ಕಲ್ಲೆಲ್ಲ ಅದಕ್ಕೇ ಅಂಟಬೇಕು.”

ದೇವೀರಿ ತಲೆ ಒರೆಸಿಕೊಂಡು ಎರಡನೇ ಸಲ ನಿಂತಳು.

“ನಮ್ಮನೆಯವರನ್ನ ಬಿಡು. ನಮ್ಮನೆಯವರು ತುಂಬಾ ಒಳ್ಳೆಯವರು. ಒಳ್ಳೆಯವರು ಅಂದರೆ ಅಷ್ಟಿಷ್ಟಲ್ಲ. ಅವರಂಥ ಒಳ್ಳೆಯವರು ಎಲ್ಲೂ ಇಲ್ಲ!”

ದೊಡ್ಡಿಯ ಎತ್ತುಗಳೆಲ್ಲ ಒಟ್ಟಿಗೆ ತಲೆಯೆತ್ತಿದವು. ಅವೆಲ್ಲ ಯಾರದೋ ‘ನಮ್ಮನೆಯವರೇ’ ಅಲ್ಲವೇ? ಮೊದಲ ಕಲ್ಲು ಯಾವ ಕಡೆ ಕೂರಬೇಕೆಂದು ತಿಳಿಯದೆ ಗಿರ್ರನೆ ತಿರುಗಿತು. ಮಿಕ್ಕವು ಹಪ್ಪಳದಷ್ಟು ತೆಳ್ಳಗಿದ್ದವು, ಕಾಲಿಟ್ಟ ಕೂಡಲೇ ಮುರಿದವು. ದೇವೀರಿ ಮತ್ತೆ ನೀರುಪಾಲು. ಗೋಜಲಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

“ಒಂದೇ ಮಾತನ್ನ ತಿರುಗಿಸಿ ಮುರುಗಿಸಿ ಹೇಳಿದರೆ ಕಲ್ಲಿಗೆ ತೂಕ ಬರಲ್ಲ ಕಂದ,” ಅಂದಿತು ಅವಳನ್ನು ಮತ್ತೆ ದಡಕ್ಕೆಳೆದ ಆಮೆ. “ಕಣ್ಣಾರೆ ಕಂಡದ್ದನ್ನ ಹೇಳು. ಮತ್ತೆ ನಿನ್ನ ಗಂಡನ ಹೆಸರು ಹೇಳು.”

“ಹೆಸರಾ!” ದೇವೀರಿ ಕೆನ್ನೆ ಕೆಂಪಗಾಯಿತು. “ಗಂಡನ ಹೆಸರು ಬಾಯಲ್ಲಿ ಹೇಳೋದುಂಟಾ? ಮದುವೆಯಾದಾಗಿಂದ ಒಂದು ಸಲವೂ ಹೇಳಿಲ್ಲ. ಕೇಳಿದವರು ಏನಂದಾರು?”

“ಹೇಳದಿದ್ದರೆ ಅವನು ಎತ್ತಾಗೇ ಇರುತ್ತಾನೆ.”

ದೇವೀರಿ ಅತ್ತೇ ಬಿಟ್ಟಳು. ಅಳು ಮುಗಿದ ಮೇಲೆ ದೊಡ್ಡಿಯ ಎತ್ತುಗಳು ತೊಟ್ಟಿಯ ನೀರು ಕುಡಿಯುವುದನ್ನೇ ನೋಡುತ್ತಾ ಕೂತಳು. ಅಷ್ಟು ಹೊತ್ತು ಅವಳು ಸುಮ್ಮನಿದ್ದದ್ದು ಅದೇ ಮೊದಲು. ಆಮೇಲೆ ಎದ್ದು ಕಣ್ಣು ಮುಚ್ಚಿ ಒಂದೇ ಉಸಿರಿಗೆ ಅಂದಳು:

“ಬೇಲಿ ಪಕ್ಕ ನಿಂತಿರೋ ಕಂದು ಎತ್ತು ನನ್ನ ಗಂಡ ಚೆಲುವಯ್ಯ!”

ದಢ್! ಚಪ್ಪಡಿಯಂಥ ಕಲ್ಲು ಬಂದು ಕೂತಿತು. ಅಲುಗಾಡಲಿಲ್ಲ. ದೇವೀರಿ ಅದರ ಮೇಲೆ ಹತ್ತಿದಳು.

“ಎಲ್ಲ ಎತ್ತೂ ನೀರಿಗೆ ನುಗ್ಗಿದರೆ, ಆ ಎತ್ತು ಮಾತ್ರ ಮುದಿ ಎತ್ತು ಕುಡಿಯೋ ತನಕ ಕಾಯುತ್ತೆ.”

“ಅದಕ್ಕೇನೀಗ?” ಗೋಜಲಪ್ಪ ಗುಡುಗಿದ. ಕಲ್ಲು ಗಡಗಡ ನಡುಗಿತು.

“ಮನೇಲೂ ಅವರು ಹಾಗೇ. ಅವರಮ್ಮ ಉಣ್ಣದೆ ತಟ್ಟೆ ಮುಂದೆ ಕೂರಲ್ಲ. ನೀನು ಮೈ ಬದಲಾಯಿಸಿದೆ, ಗುಣ ಬದಲಾಯಿಸೋಕೆ ಆಗಲಿಲ್ಲ!”

ಕಲ್ಲು ಗಟ್ಟಿಯಾಯಿತು.

“ಆಗಲೇ ನಾನು ಅತ್ತಾಗ ಮಿಕ್ಕ ಎತ್ತೆಲ್ಲ ಮೇವು ತಿಂತಿದ್ವು. ಆ ಎತ್ತು ಮೇವು ಬಿಟ್ಟು ಕಿವಿ ಈ ಕಡೆ ತಿರುಗಿಸಿ ನಿಂತಿತ್ತು.”

“ಅದಕ್ಕೇನೀಗ?”

“ಅದಕ್ಕೇನೀಗ ಅಂತೀಯಾ? ನನ್ನ ವಟವಟಾನ ಬೇಜಾರಿಲ್ಲದೆ ಕೇಳೋ ಕಿವಿ ಈ ಲೋಕದಲ್ಲಿ ಅವರವೇ ಕಣೋ, ಇನ್ಯಾರವೂ ಅಲ್ಲ!” ಅನ್ನುತ್ತಾ ಅವಳು ಮುಂದಿನ ಕಲ್ಲಿಗೆ ದಾಟಿದಳು.

ಇನ್ನೊಂದೇ ಕಲ್ಲು. ಅಷ್ಟರಲ್ಲಿ ಗೋಜಲಪ್ಪ ಬೆಣ್ಣೆಯಂಥ ದನಿ ತೆಗೆದ. “ಅದಿರಲಿ ತಾಯಿ, ನಿಮ್ಮತ್ತಿಗೆ ತಂಗಿ ಮದುವೆ ಯಾವಾಗ?”

ಅಬ್ಬಾ, ಎಂಥ ಕಷ್ಟ! ಗಂಡಿನ ಕಡೆಯವರು, ಸೀರೆ, ಲಗ್ನದ ದಿನ, ಎಲ್ಲ ನಾಲಿಗೆಯ ತುದಿಗೆ ಬಂದು ನಿಂತವು. ಕಾಲಡಿಯ ಕಲ್ಲು ವಾಲತೊಡಗಿತು. ದೇವೀರಿ ತುಟಿ ಕಚ್ಚಿ ಹಿಂದೆ ತಿರುಗಿ ತನ್ನ ಮೊದಲ ಕಲ್ಲನ್ನು ನೋಡಿದಳು. ಆಮೇಲೆ ನೆಟ್ಟಗೆ ನಿಂತು ಅಂದಳು: “ಆದ್ದರಿಂದ, ಕಾಯೋ ಗುಣ ಇರೋ, ನನಗೆ ಕಿವಿ ಕೊಡೋ ಆ ಎತ್ತು ಎತ್ತಲ್ಲ, ನನ್ನ ಚೆಲುವಯ್ಯ. ನನ್ನ ಗಂಡನ್ನ ನನಗೆ ಕೊಡು.”

ಕೊನೆಯ ಕಲ್ಲು ಆಚೆ ದಡಕ್ಕೆ ಕಚ್ಚಿ ಕೂತಿತು. ಗೋಜಲಪ್ಪ ಸಿಕ್ಕು ಬಿಚ್ಚಿದ ನೂಲಿನ ಹಾಗೆ ಎಳೆಯೆಳೆಯಾಗಿ ಗಾಳಿಗೆ ಹಾರಿಹೋದ. ದೊಡ್ಡಿಯ ಎತ್ತುಗಳೆಲ್ಲ ಮನುಷ್ಯರಾದರು, ಆ ಸೇತುವೆಯ ಮೇಲೇ ಓಡಿ ತಮ್ಮ ತಮ್ಮ ಮನೆ ಸೇರಿದರು, ಮಕ್ಕಳುಮರಿಯ ಜೊತೆ ಸುಖವಾಗಿ ಬಾಳಿದರು.

ಚೆಲುವಯ್ಯ ಮಾತ್ರ ಅಲ್ಲೇ ನಿಂತಿದ್ದ.

“ದೇವೀರಿ, ನನ್ನ ಹೆಸರು ಹೇಳಿದೆಯಲ್ಲೇ!” ಅಂದ. “ಇನ್ನೊಂದು ಸಲ ಹೇಳು.”

“ಹೋಗ್ರಿ ಅತ್ಲಾಗೆ!” ಅಂತ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

“ಕೊಂಬಿದ್ದಾಗ ಹೇಳಿದೆ. ಈಗ ಹೇಳಲ್ವಾ?”

ದೇವೀರಿ ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಯಾರೂ ಇರಲಿಲ್ಲ. ಆಮೆಯೂ ಬುದ್ಧಿವಂತಿಕೆಯಿಂದ ನೀರೊಳಗೆ ಮುಳುಗಿತ್ತು. ಅವಳು ಮೆಲ್ಲಗೆ ಗಂಡನ ಕಿವಿಯ ಹತ್ತಿರ ಬಾಯಿ ತಂದು, ಅವನ ಹೆಸರು ಹೇಳಿದಳು.