ಬಿಳಿಗುಡ್ಡದ ಕುಣಿಕೆಗಾರ್ತಿ

ಬಹಳ ಕಾಲದ ಹಿಂದೆ ಕೆಂಪುಹೊಳೆ ಎಂಬ ರಾಜ್ಯವಿತ್ತು. ರಾಜನಿಗೆ ಸೈನ್ಯವೇನೋ ಇತ್ತು, ಆದರೆ ರಾಜ್ಯವನ್ನು ನಿಜವಾಗಿ ಕಾಯುತ್ತಿದ್ದವರು ಕುಣಿಕೆ ಹೆಣೆಯುವ ಹೆಂಗಸರು. ಅವರ ಕುಣಿಕೆಗಳನ್ನು ಹೊಳೆಗೆ ಬಿಟ್ಟರೆ ತಾವೇ ಈಜಿಹೋಗಿ ಮಾಂತ್ರಿಕರ ಕೊರಳಿಗೆ ಬೀಳುತ್ತಿದ್ದವು. ಒಬ್ಬಳು ಒಬ್ಬ ಮಾಂತ್ರಿಕನ ಅಳತೆಗಷ್ಟೇ ಹೆಣೆಯಬೇಕು. ಕೆಂಚಿ ಎಂಬ ಹುಡುಗಿಯ ಪಾಲಿಗೆ ಬಂದವನು ಧೂಮಕ. ಕಳೆದ ಸಲ ಬಂದಾಗ ಅವನು ಅರ್ಧ ಊರನ್ನೇ ಜ್ವರದಲ್ಲಿ ಮಲಗಿಸಿದ್ದ.

"ಮತ್ತೆ ಬಂದೇ ಬರ್ತಾನೆ. ಎಷ್ಟು ವರ್ಷವಾದ್ರೂ ಕುಣಿಕೆ ನಿಲ್ಲಬಾರದು. ಕೂರೋಕೆ ಜಾಗ ನೀನೇ ಹುಡುಕ್ಕೋ," ಎಂದು ಹೇಳಿ, ಹೆಣಿಗೆ ಕಲಿಸಿದ ಗುರುವಮ್ಮ ಅವಳನ್ನು ಕಳಿಸಿಕೊಟ್ಟಳು.

ಕೆಂಚಿ ಮೊದಲು ಉರಿಬಯಲಿಗೆ ಹೋದಳು. ಅಲ್ಲಿ ಬಿಸಿಗಾಳಿ, ಬೇಕಾದಷ್ಟು ಬೆಲ್ಲ. ಬೆಲ್ಲ ತಿಂದು ದಿನಕ್ಕೆ ಸಾವಿರ ಕುಣಿಕೆ ಹೆಣೆದಳು. ಜೊತೆಗೆ ಹೆಣೆಯುತ್ತಿದ್ದ ಗೆಳತಿಯರು ಆ ಬಿಸಿಗೆ, ಆ ದುಡಿತಕ್ಕೆ ಐದನೆಯ ದಿನ ಕೂತಲ್ಲೇ ಸತ್ತರು. ಕೆಂಚಿ ಹೆದರಿ ಓಡಿದಳು.

ಆಮೇಲೆ ಸುತ್ತುಕಣಿವೆ. ಅಲ್ಲಿ ಊಟ, ಹರಟೆ, ಜನ ಎಲ್ಲವೂ ಇತ್ತು. ಆದರೆ ಅಲ್ಲಿನ ಜೌಗು ನೆಲಕ್ಕೆ, ಆ ಊಟಕ್ಕೆ ಅವಳ ಕೈಯೇ ಬದಲಾಯಿತು. ಕುಣಿಕೆಗಳು ಜೋಡಿಜೋಡಿಯಾಗಿ ಹುಟ್ಟಿ ಕಣಿವೆಯ ಕೆಸರನ್ನೇ ಕಾಯುತ್ತ ಕೂತವು, ಹೊಳೆಗೆ ಇಳಿಯಲೇ ಇಲ್ಲ. ಅಲ್ಲೇ ಉಳಿಯುವ ಆಸೆ ಎಷ್ಟಿತ್ತೋ! ಅಳುತ್ತಲೇ ಹೊರಟಳು.

ಮೂರನೆಯದು ಬಿಳಿಗುಡ್ಡದ ಗುಹೆ. ಉಸಿರಿಗೂ ಗಾಳಿ ಸಾಲದು. ತಳದಲ್ಲಿ ಹೊಳೆಯ ಸಣ್ಣ ಕವಲು. ಒಬ್ಬಳು ಅಜ್ಜಿ ಗಂಜಿ ಕಾಯಿಸುತ್ತಿದ್ದಳು.

"ಇಲ್ಲಿ ಕೂತ್ರೆ ಬದುಕ್ತೀಯವ್ವ, ದಿನಾ ಗಂಜಿ ಕೊಡ್ತೀನಿ. ಎದ್ದು ಹೊರಗೆ ಹೋದ್ರೆ ಉಳಿಯಲ್ಲ."

"ಮಾತಾಡೋಕೆ ಯಾರಾದ್ರೂ ಬರ್ತಾರಾ ಅಜ್ಜಿ?"

"ಯಾರು ಬರ್ತಾರೆ? ನಾನೂ ಗಂಜಿ ಇಟ್ಟು ಮುಂದಿನ ಗುಹೆಯವಳ ಹತ್ರ ಹೋಗ್ತೀನಿ."

ಕೆಂಚಿ ಕೂತಳು. ಇಷ್ಟೇ ಗಂಜಿ, ಇಷ್ಟೇ ಉಸಿರು, ಅದೇ ಕುಣಿಕೆ. ಕೂದಲು ನೆರೆಯಿತು. ಒಂಟಿತನ ಅವಳನ್ನು ಹಿಂಡಿಹಾಕಿತು. ಒಮ್ಮೊಮ್ಮೆ ಧೂಮಕನನ್ನೇ ಕರೆಯುತ್ತಿದ್ದಳು: "ಬೇಗ ಬಾರೋ ಮಾರಾಯ, ನಿನ್ನನ್ನು ಬಿಟ್ರೆ ನನಗಿನ್ಯಾರಿದ್ದಾರೆ?"

ನಲವತ್ತನೆಯ ವರ್ಷ, ನೀರಿಗೆ ಹೋಗಿದ್ದ ಅಜ್ಜಿ ಸುದ್ದಿ ತಂದಳು. "ಧೂಮಕ ಬಂದಿದ್ದ ಕಣವ್ವ, ನಾನೇ ಹೊಳೆ ದಂಡೇಲಿ ಕಂಡೆ. ಹೊಳೆ ದಾಟೋ ಮೊದ್ಲೇ ನಿನ್ನ ಕುಣಿಕೆ ಬಿದ್ದು ಬೂದಿಯಾದ."

ಕೆಂಚಿಯ ಕೈ ನಿಂತಿತು. "ಊರಲ್ಲಿ ಏನಂದ್ರು?"

"ಅನ್ನೋಕೇನಿದೆ? ಅವನು ಬಂದಿದ್ದೇ ಯಾರಿಗೂ ಗೊತ್ತಿಲ್ಲ. ಒಂದು ಮಗುವಿನ ಮೈಯೂ ಬಿಸಿಯಾಗಲಿಲ್ಲ. ಬೆಳಿಗ್ಗೆ ಎದ್ದು ಎಲ್ಲ ಹಲ್ಲುಜ್ಜಿದ್ರು."

ಕೆಂಚಿ ಸಂತೋಷಕ್ಕೂ ಅತ್ತಳು, ಗೆದ್ದೆ ಎಂದು ಹೇಳಿಕೊಳ್ಳಲು ಯಾರೂ ಇಲ್ಲವಲ್ಲ ಎಂಬ ದುಃಖಕ್ಕೂ ಅತ್ತಳು. ಅಜ್ಜಿ ಪಕ್ಕದಲ್ಲಿ ಕೂತು ಬೆನ್ನು ಸವರಿದಳು.

"ಇನ್ನು ಹೆಣೆಯೋದು ಬೇಡ್ವಾ ಅಜ್ಜಿ?"

"ಅವನಿಗೆ ತಮ್ಮಂದಿರಿದ್ದಾರಲ್ಲವ್ವ. ಎಲ್ಲರದೂ ಅದೇ ಅಳತೆಯ ಕೊರಳು."

ಅಂದು ಅಜ್ಜಿ ಮುಂದಿನ ಗುಹೆಗೆ ಬಹಳ ತಡವಾಗಿ ಹೋದಳು. ಕೆಂಪುಹೊಳೆಯಲ್ಲಿ ಎಲ್ಲರೂ ಸುಖವಾಗಿದ್ದರು, ಯಾಕೆಂದು ಯಾರೂ ಕೇಳಲಿಲ್ಲ. ಬಿಳಿಗುಡ್ಡದೊಳಗೆ ಕೆಂಚಿ ಮೂಗೊರೆಸಿಕೊಂಡು ಹೊಸ ದಾರ ಎಳೆದುಕೊಂಡಳು.