ಗಾಳಿ ಕಟ್ಟಿದವನ ಬಾಯಾರಿಕೆ

ಬಹಳ ಹಿಂದೆ, ಯವನರ ಸೀಮೆಯ ಕಡಲಂಚಿನಲ್ಲಿ ಥೆರಾನ್ ಎಂಬ ದೊರೆಯಿದ್ದ. ಕಡಲಾಚೆಯ ಕೋಟೆಯವರು ಅವನ ಚಿನ್ನದ ಗುರಾಣಿ ಕದ್ದರು. ಅರಮನೆಯಲ್ಲಿ ಬೇರೆ ಗುರಾಣಿಗಳು ಬೇಕಾದಷ್ಟಿದ್ದವು. ಆದರೂ ದೊರೆಗೆ ರೋಷ ತಡೆಯಲಿಲ್ಲ. “ಗೆದ್ದ ಕೋಟೆಯಲ್ಲೇ ಮಗಳ ಮದುವೆ ಮಾಡುತ್ತೇನೆ!” ಎಂದು ಮಗ ಲಿಯೋಸ, ಮಗಳು ಮೆಲಿಯಾನೆ ಇಬ್ಬರನ್ನೂ ಹಡಗು ಹತ್ತಿಸಿಕೊಂಡು ದಂಡೆತ್ತಿ ಹೊರಟ.

ಅರ್ಧ ದಾರಿಯಲ್ಲಿ, ನೀರಿಲ್ಲದ ಒಂದು ನಡುಗಡ್ಡೆಯ ಬಳಿ, ಗಾಳಿ ನಿಂತುಹೋಯಿತು. ಹಾಯಿಗಳು ಜೋತುಬಿದ್ದವು. ಹಡಗಿನ ಕೊಡಗಳಲ್ಲಿ ನೀರು ದಿನದಿನಕ್ಕೆ ತಗ್ಗಿತು. ಸೈನಿಕರು ಆಕಾಶವನ್ನೇ ನೋಡತೊಡಗಿದರು.

ಆಗ ಕರ್ಕೋಸನೆಂಬ ಮಾಂತ್ರಿಕ ಬಂದ. ಹೆಗಲ ಮೇಲೆ ಮಾತಾಡುವ ಕಾಗೆ, ಸೊಂಟದಲ್ಲಿ ತೊಗಲಿನ ಚೀಲ. ಗಾಳಿಯೆಲ್ಲ ಆ ಚೀಲದಲ್ಲಿತ್ತು.

“ನಾಡಿದ್ದು ನಿನ್ನ ಮಗಳನ್ನು ಬಲಿ ಕೊಡು, ಗಾಳಿ ಬಿಡುತ್ತೇನೆ. ಇಲ್ಲವಾದರೆ ಎಲ್ಲರೂ ಇಲ್ಲೇ ಒಣಗಿ ಸಾಯಿರಿ!” ಎಂದ ಕರ್ಕೋಸ.

ಹುಡುಗಿಯೊಬ್ಬಳ ಪ್ರಾಣ ಹೀರಿದರೆ ಅವನಿಗೆ ನೂರು ವರ್ಷ ಆಯಸ್ಸು. ದೊರೆ ಬಿಕ್ಕಿಬಿಕ್ಕಿ ಅತ್ತ. ಅತ್ತು, ಕೊನೆಗೆ ತಲೆಯಾಡಿಸಿದ.

ಆ ಸೀಮೆಯಲ್ಲಿ ಒಂದು ಕಟ್ಟಳೆಯಿತ್ತು. ಉಂಡ ಮನೆಗೆ ಎರಡು ಬಗೆದವನು ನಿಂತಲ್ಲೇ ಕಲ್ಲಾಗುತ್ತಿದ್ದ. ಅದಕ್ಕೇ ಕರ್ಕೋಸ ಯಾರ ಕೈಯ ತುತ್ತನ್ನೂ ಗುಟುಕನ್ನೂ ಮುಟ್ಟುತ್ತಿರಲಿಲ್ಲ.

ಮೊದಲ ದಿನ ಲಿಯೋಸ ಅವನ ಬುತ್ತಿಯೊಳಗೆ ಜೇನು ಸವರಿದ ರೊಟ್ಟಿಯನ್ನು ಗುಟ್ಟಾಗಿ ಸೇರಿಸಿದ. “ಪರರ ಅನ್ನ! ಪರರ ಅನ್ನ!” ಎಂದು ಕಾಗೆ ಕೂಗಿತು. ಕರ್ಕೋಸ ಬುತ್ತಿಯನ್ನೇ ಎಸೆದ.

ಎರಡನೆಯ ದಿನ ಅವನ ನೀರಿನ ಬುರುಡೆಗೆ ದ್ರಾಕ್ಷಾರಸ ಬೆರೆಸಿದ. “ಪರರ ಪಾನ! ಪರರ ಪಾನ!” ಎಂದು ಕಾಗೆ ಕೂಗಿತು. ಕರ್ಕೋಸ ಬುರುಡೆಯನ್ನೇ ಒಡೆದುಹಾಕಿದ.

“ಸಾಕು ಬಿಡಣ್ಣ, ಕದ್ದು ಉಣಿಸಿದರೆ ಅದು ಊಟವೇ?” ಎಂದಳು ಮೆಲಿಯಾನೆ.

ಮೂರನೆಯ ದಿನ ಅವಳನ್ನು ನಡುಗಡ್ಡೆಯ ಬಲಿಗಲ್ಲಿನ ಮೇಲೆ ನಿಲ್ಲಿಸಿದರು. ಕೊನೆಯ ಗುಟುಕೆಂದು ಲಿಯೋಸ ಒಂದು ಬಟ್ಟಲು ನೀರು ಕೊಟ್ಟು ಮುಖ ತಿರುಗಿಸಿದ. ಬಿಸಿಲು ಸುಡುತ್ತಿತ್ತು. ಕಾಗೆ ಕೊಕ್ಕು ತೆರೆದು ಏದುಸಿರು ಬಿಡುತ್ತಿತ್ತು. ಮೆಲಿಯಾನೆ ಬಟ್ಟಲನ್ನು ಅದರ ಮುಂದೆ ಹಿಡಿದಳು. ಕಾಗೆ ಕುಡಿಯಿತು.

ನೀರಿನ ಬುರುಡೆ ಒಡೆದುಕೊಂಡ ಕರ್ಕೋಸನ ತುಟಿಯೂ ಬಿರಿದಿತ್ತು. ತಾನು ಕಟ್ಟಿದ ಗಾಳಿ ತನಗೂ ಇಲ್ಲ, ಮಾಡಿದ್ದುಣ್ಣೋ ಮಹರಾಯ!

“ನಿಮಗೂ ಬಾಯಾರಿದೆಯಲ್ಲ, ಕುಡಿಯಿರಿ,” ಎಂದಳು. ಇದು ಉಪಾಯವಲ್ಲ. ಬಾಯಾರಿದವರನ್ನು ನೋಡಿ ಅವಳಿಗೆ ಸುಮ್ಮನಿರಲಾಗುತ್ತಿರಲಿಲ್ಲ, ಅಷ್ಟೇ.

ಕಾಗೆ ಈ ಸಲ ಕೂಗಲಿಲ್ಲ. ಅದೂ ಅವಳ ನೀರು ಕುಡಿದಿತ್ತು. ಕರ್ಕೋಸ ಹಿಂದುಮುಂದು ನೋಡದೆ ಗಟಗಟನೆ ಕುಡಿದು, ಕತ್ತಿ ಎತ್ತಿದ. ಬೆರಳುಗಳು ಕಲ್ಲಾದವು. ಕಲ್ಲು ಮೊಣಕೈಗೆ ಏರಿತು.

“ತಾಯೀ, ಬಲಿ ಬೇಡ! ಏನು ಬೇಕೋ ಕೇಳು, ಕೊಡುತ್ತೇನೆ!” ಎಂದು ಚೀರಿದ. ಕಲ್ಲು ಅಲ್ಲಿಗೇ ನಿಂತಿತು.

“ಗಾಳಿ ಬೇಕು.”

“ಯಾವ ಕಡೆಗೆ ಬೀಸಲಿ?”

ದೊರೆ ಓಡಿಬಂದ. “ಕೋಟೆಯ ಕಡೆಗೆ ಎನ್ನು ಮಗಳೇ, ಕೋಟೆಯ ಕಡೆಗೆ!”

ಮೆಲಿಯಾನೆ ತಂದೆಯ ಕಡೆ ತಿರುಗಿದಳು.

“ನಮ್ಮೂರ ಕಡೆಗೆ,” ಎಂದಳು.

ಕರ್ಕೋಸ ಚೀಲ ಬಿಚ್ಚಿದ. ಗಾಳಿಯ ಜೊತೆಗೆ ಅವನ ಮಂತ್ರವೂ ಹಾರಿಹೋಯಿತು. ಹಾಯಿಗಳು ಉಬ್ಬಿದವು, ಸೈನಿಕರು ಕುಣಿದರು, ಕಾಗೆ ಲಿಯೋಸನ ಹೆಗಲೇರಿತು. ದೊರೆ ದಾರಿಯುದ್ದಕ್ಕೂ ಮಗಳೆದುರು ತಲೆಯೆತ್ತಲಿಲ್ಲ. ಊರ ದಡ ಕಂಡಾಗ ಮಾತ್ರ, “ತಪ್ಪಾಯಿತು ಮಗಳೇ,” ಎಂದ.

ಆಮೇಲೆ ಎಲ್ಲರೂ ಸುಖವಾಗಿ ಬಾಳಿದರು. ಬಾಗಿಲಿಗೆ ಬಂದವರಿಗೆಲ್ಲ ದೊರೆ ತಾನೇ ಎದ್ದು ನೀರು ಕೊಡುತ್ತಿದ್ದ. ಚಿನ್ನದ ಗುರಾಣಿ ಏನಾಯಿತೆಂದು ಯಾರೂ ಕೇಳಲಿಲ್ಲ.